ನಾನು ತಿಂದ ಕಾರ್ಬನ್

ಹಸಿವಾದರೆ ನನಗೆ ಯಾವ ಶಾಸ್ತ್ರದ ಮೇಲೂ ಗೌರವ ಉಳಿಯುವುದಿಲ್ಲ. ಮುದುಕನಾದ ಮೇಲಾದರೂ ಇದನ್ನು ಒಪ್ಪಿಕೊಳ್ಳಬೇಕಲ್ಲ. ರಸಾಯನಶಾಸ್ತ್ರಕ್ಕೆ ನಾನು ಮಾಡಿದ ಅನ್ಯಾಯ ತೊಂಬತ್ತರ ದಶಕದ್ದು. ನನ್ನ ಓದು ಎಸ್ಸೆಸ್ಸೆಲ್ಸಿಗೇ ನಿಂತಿತ್ತು ಎನ್ನುವುದನ್ನು ಬಿಟ್ಟರೆ ನನ್ನ ಪರವಾಗಿ ಹೇಳಲು ಏನೂ ಇಲ್ಲ.

ಮಗಳು ಗಿರಿಜಾ ಆಗ ನಂಜನಗೂಡಿನಲ್ಲಿ ಪಿಯುಸಿ ಓದುತ್ತಿದ್ದಳು. ತಿ. ನರಸೀಪುರದಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಹಿಂದಿನ ವರ್ಷ ಅವಳು ಮಾಡಿದ್ದ ಜ್ವಾಲಾಮುಖಿ ಹೊಗೆಯನ್ನೂ ಉಗುಳಲಿಲ್ಲವೆಂದು ಎಲ್ಲರೂ ನಕ್ಕಿದ್ದರು. ಈ ಸಲ ಬಹುಮಾನ ಬಾರದಿದ್ದರೆ ಕಾಲೇಜಿಗೇ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು. ಮಾಡಿದ್ದು ಬೆಂಜೀನ್ ಉಂಗುರ. ಆರು ಕಾರ್ಬನ್‌ಗಳು ಕೈಕೈ ಹಿಡಿದು ಸುತ್ತ ನಿಂತಿರುತ್ತವಂತೆ, ಒಂದೊಂದರ ಬೆನ್ನಿಗೂ ಒಂದೊಂದು ಹೈಡ್ರೋಜನ್. ಪುಸ್ತಕದ ಚಿತ್ರದ ಕಪ್ಪು ಬಿಳುಪಿಗೆ ಬಣ್ಣ ಹೊಂದಲೆಂದು ಕಾರ್ಬನ್‌ಗೆ ಪುಟ್ಟ ರಾಗಿಮುದ್ದೆ, ಹೈಡ್ರೋಜನ್‌ಗೆ ಅನ್ನದ ಉಂಡೆ, ನಡುವೆ ತೆಂಗಿನಗರಿಯ ಕಡ್ಡಿ.

"ನಿಮ್ಮಪ್ಪನ ಕೈಗೆ ಮಾತ್ರ ಕೊಡಬ್ಯಾಡ ಕಣವ್ವ" ಎಂದು ನನ್ನ ಹೆಂಡತಿ ಬಾಗಿಲಲ್ಲೇ ಹೇಳಿದ್ದಳು.

ಬಸ್ಸು ಹಿಡಿಯುವ ಅವಸರದಲ್ಲಿ ನಾನು ತಿಂಡಿ ತಿಂದಿರಲಿಲ್ಲ. ಪ್ರದರ್ಶನದಲ್ಲಿ ನಮ್ಮ ಪಕ್ಕದ ಮೇಜು ಯಾವುದು ಗೊತ್ತೇ? 'ಸೊಪ್ಪು ತರಕಾರಿಯಲ್ಲಿ ಪೌಷ್ಟಿಕಾಂಶ'. ಉಪ್ಪುಸಾರು ಹಬೆಯಾಡುತ್ತಿತ್ತು. ಗಿರಿಜಾ ಮುಖ ತೊಳೆಯಲು ಹೋದಾಗ ಆ ಮೇಜಿನ ಹೆಂಗಸು, "ರುಚಿ ನೋಡಿ ಸಾ" ಎಂದು ಬಟ್ಟಲು ಚಾಚಿದಳು. ಬರೀ ಸಾರು ಕುಡಿಯುವುದಾದರೂ ಹೇಗೆ ಸ್ವಾಮಿ?

"ಅಪ್ಪಾ, ಒಂದು ಕಾರ್ಬನ್ ಎಲ್ಲೋಯ್ತು?"

"ಒಂದೇ ಕಣವ್ವ."

"ಅದರ ಹೈಡ್ರೋಜನ್ನೂ ಇಲ್ಲ!"

"ಅದು ಜೊತೇಲೇ ಬಂತು."

ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ತೀರ್ಪುಗಾರರಾದ ಕೆಮಿಸ್ಟ್ರಿ ಮೇಡಂ ಬಂದೇಬಿಟ್ಟರು. ಗಾಬರಿಯಲ್ಲಿ ನಾನು ಪಕ್ಕದ ಮೇಜಿನಿಂದ ಎಳೆ ಬದನೇಕಾಯಿಯೊಂದನ್ನು ಎತ್ತಿ ಖಾಲಿ ಕಡ್ಡಿಗಳಿಗೆ ಚುಚ್ಚಿದೆ.

"ಇದೇನಮ್ಮ, ಬದನೇಕಾಯಿ?"

ಗಿರಿಜಾ ನನ್ನನ್ನು ಸುಡುವಂತೆ ನೋಡಿದಳು. ಆಮೇಲೆ 'ಬೆಂಜೀನ್' ಎಂದು ಬರೆದಿದ್ದ ರಟ್ಟನ್ನು ಮೆಲ್ಲಗೆ ಮಗುಚಿ, "ಅದು ನೈಟ್ರೋಜನ್ ಮೇಡಂ. ಬೆಂಜೀನ್‌ನಲ್ಲಿ ಒಂದು ಕಾರ್ಬನ್ ಜಾಗಕ್ಕೆ ನೈಟ್ರೋಜನ್ ಬಂದ್ರೆ ಪಿರಿಡೀನ್" ಎಂದಳು.

"ನೈಟ್ರೋಜನ್ ಬೆನ್ನಿಗೆ ಹೈಡ್ರೋಜನ್ ಇಟ್ಟಿಲ್ಲ. ಭೇಷ್! ಎಲ್ರೂ ತಪ್ಪೋದೇ ಇಲ್ಲಿ" ಎಂದು ಮೇಡಂ ಬಗ್ಗಿ ನೋಡಿದರು. ಅದೇ ಹೊತ್ತಿಗೆ ನನಗೆ ತೇಗು ಬಂತು, ಉಪ್ಪುಸಾರಿನ ಬೆಳ್ಳುಳ್ಳಿ ಸಮೇತ. ಮೇಡಂ ಮೂಗು ಮುಚ್ಚಿಕೊಂಡು, "ಪಿರಿಡೀನಿನ ಕೆಟ್ಟ ವಾಸನೇನೂ ತಂದಿದೀರಲ್ರೀ!" ಎಂದು ಬೆರಗಾದರು.

ಮೊದಲ ಬಹುಮಾನ ಬಂತು. ಫೋಟೋದವನು ಬರುವುದು ಮಾತ್ರ ಬಹಳ ತಡವಾಯಿತು. ಆ ಫೋಟೋ ಇವತ್ತಿಗೂ ನಮ್ಮ ಗೋಡೆಯ ಮೇಲಿದೆ. ಗಿರಿಜಾಳ ಕೈಯಲ್ಲಿ ಬಹುಮಾನ, ಮುಂದಿನ ಮೇಜಿನ ಮೇಲೆ ಒಂದಿಷ್ಟು ಕಡ್ಡಿ, ನಡುವೆ ಒಂಟಿ ಬದನೇಕಾಯಿ. ಅದನ್ನೂ ಹಸಿಯಾಗಿ ತಿನ್ನುವಷ್ಟು ಕೆಟ್ಟವನಲ್ಲ ನಾನು.