ಗೋಕುಲದ ಎರಡನೆಯ ಅರ್ಥ

ಮಾನ್ಯ ನಿಘಂಟು ಸಂಪಾದಕರೇ,

...ಪದಕ್ಕೆ ಬೆವರಿನ ವಾಸನೆ ಇರಬಾರದು ಎಂದೋ, ಇದ್ದರೂ ಅದು ಅಚ್ಚಿಗೆ ಇಳಿಯದು ಎಂದೋ ಯಾವುದೋ ಸಭೆಯಲ್ಲಿ ತಾವು ಹೇಳಿದ್ದು ಅರ್ಧಂಬರ್ಧ ನೆನಪಿದೆ. ಎರಡರಲ್ಲಿ ಯಾವುದಾಗಿದ್ದರೂ ತಮ್ಮ ಪಾಂಡಿತ್ಯಕ್ಕೆ ನನ್ನ ನಮಸ್ಕಾರಗಳು.

ತಮ್ಮ ಹೊಸ ನಿಘಂಟಿನಲ್ಲಿ 'ಗೋಕುಲ'ಕ್ಕೆ ಎರಡು ಅರ್ಥಗಳಿವೆ. ಮೊದಲನೆಯದು ದನದ ಹಿಂಡು, ಕೊಟ್ಟಿಗೆ. ಪಕ್ಕದಲ್ಲಿ 'ಈಗ ಬಳಕೆಯಲ್ಲಿಲ್ಲ' ಎಂದು ದಯಪಾಲಿಸಿದ್ದೀರಿ. ಎರಡನೆಯದು ಹಳ್ಳಿಗಾಡಿನ ಸ್ವರ್ಗ, ದುಡಿಮೆಯೂ ದುಃಖವೂ ಇಲ್ಲದ ತಾಣ; ಪಕ್ಕದಲ್ಲಿ 'ಕಾವ್ಯದಲ್ಲಿ' ಎಂದಿದೆ. ಇಷ್ಟು ಕಡಿಮೆ ಜಾಗದಲ್ಲಿ ಒಂದು ಸಂಸಾರವನ್ನು ಇಷ್ಟು ಖಚಿತವಾಗಿ ಬಣ್ಣಿಸಿದವರನ್ನು ನಾನು ಕಂಡಿಲ್ಲ.

ಏಕೆಂದರೆ ನನ್ನ ತಂಗಿಯ ಗಂಡ ಕವಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ಅವಳನ್ನು ತಮ್ಮ ಎರಡನೆಯ ಅರ್ಥವನ್ನು ಓದಿ ಹೇಳಿಯೇ ಒಲಿಸಿಕೊಂಡು, ಊರಾಚೆ ಮನೆ ಹಿಡಿದು, ಅರ್ಥಕ್ಕೆ ಕೊರತೆಯಾಗಬಾರದೆಂದು ಹಸುಗಳನ್ನೂ ಕಟ್ಟಿದ. ಅಂದಿನಿಂದ ಇಬ್ಬರೂ ಒಂದೇ ಪದದಲ್ಲಿ ಬಾಳುತ್ತಿದ್ದಾರೆ: ಅವಳು ಮೊದಲನೆಯ ಅರ್ಥದಲ್ಲಿ, ಅವನು ಎರಡನೆಯದರಲ್ಲಿ. ಬಳಕೆಯಲ್ಲಿಲ್ಲದ ಸಗಣಿಯನ್ನು ಅವಳು ದಿನವೂ ಬಾಚುತ್ತಾಳೆ. ಅವನು ಕಿಟಕಿಯ ಬಳಿ ಕುಳಿತು ಹಸುಗಳ ಕೊರಳ ಗಂಟೆಯ ದನಿಗೆ ಪ್ರಾಸ ಹುಡುಕುತ್ತಾನೆ. ಮೊನ್ನೆ ಕರು ಅವನ ಪದ್ಯದ ಹಾಳೆಯೊಂದನ್ನು ಮೆದ್ದಿತಂತೆ. ಅವನಿಗಿರುವ ಓದುಗ ಬಳಗದಲ್ಲಿ ಅಷ್ಟು ಮನಸಿಟ್ಟು ಓದಿದವರು ಬೇರೆ ಯಾರೂ ಇಲ್ಲ.

ಅಂಗಡಿಯ ಯಜಮಾನಿ ಅವಳ ಕುರ್ಚಿಯನ್ನು ಇನ್ನೂ ಖಾಲಿ ಇಟ್ಟಿದ್ದಾರೆ, ಸೋಮವಾರದವರೆಗೆ ಮಾತ್ರ. ಮತ್ತೆ ಕೆಲಸಕ್ಕೆ ಹೋಗಲೇ ಎಂದು ತಂಗಿ ಕೇಳಿದ್ದಕ್ಕೆ ಅವನು ತಮ್ಮ ನಿಘಂಟನ್ನೇ ತೆರೆದು, "ದುಡಿಮೆ ಇಲ್ಲದ ಜಾಗ ಅಂತ ಅಚ್ಚಾಗಿದೆ ಕಣೇ, ಬಿಟ್ಟು ದುಡಿಯೋಕೆ ಹೋಗ್ತೀನಿ ಅಂತೀಯಲ್ಲ" ಎಂದನಂತೆ. ಅವಳು ನನಗೆ ಫೋನು ಮಾಡಿ, "ಅಕ್ಕಾ, ಅದರಲ್ಲಿ ರಜಾ ಅನ್ನೋ ಅರ್ಥ ಎಲ್ಲಾದ್ರೂ ಇದೆಯಾ ನೋಡೇ" ಎಂದಳು. ನೋಡಿದೆ. ಇಲ್ಲ.

ಆದ್ದರಿಂದ ತಮ್ಮಲ್ಲಿ ಸಣ್ಣ ಅರಿಕೆ: ಮುಂದಿನ ಮುದ್ರಣದಲ್ಲಿ ಎರಡನೆಯ ಅರ್ಥದೊಳಗೆ ಬೆಳಗಿನ ಜಾವ ಏಳುವವರೊಬ್ಬರನ್ನು ನೇಮಿಸಬೇಕು; ಅದಾಗದಿದ್ದರೆ, ತಮ್ಮ ನಿಘಂಟು ಮಂಡಳಿಯ ಸದಸ್ಯರು ಸರದಿಯಂತೆ ಬಂದು ಹುಲ್ಲು ಹಾಕಬೇಕು. ಅದೂ ಕಷ್ಟವಾದರೆ, ಹಸುಗಳಿಗೆ 'ಕಾವ್ಯದಲ್ಲಿ' ಮಾತ್ರ ಹಸಿವಾಗುವಂತೆ ತಿದ್ದುಪಡಿ ತರಬೇಕು. ಪದಗಳ ಮೇಲೆ ಇಷ್ಟು ಅಧಿಕಾರವುಳ್ಳವರಿಗೆ ಇದೇನು ದೊಡ್ಡದಲ್ಲ.

ತಮ್ಮ ವಿಶ್ವಾಸಿ,
ಬಳಕೆಯಲ್ಲಿಲ್ಲದವಳ ಅಕ್ಕ

ತಾಜಾ ಕಲಂ: ಇದನ್ನು ಮುಗಿಸುವಷ್ಟರಲ್ಲಿ ತಂಗಿ ಚೀಲದೊಡನೆ ಬಂದಿಳಿದಳು. ಕೈ ತೊಳೆದು, ನನ್ನ ಮಂಚದ ಮೇಲೆ ಬಿದ್ದು, ಹಾಡುಹಗಲೇ ನಿದ್ದೆ ಹೋಗಿದ್ದಾಳೆ. ಸೋಮವಾರ ಅಂಗಡಿಗೆ ಹೋಗುತ್ತಾಳೆ. ಈಗಷ್ಟೇ ಕವಿಯ ಫೋನು ಬಂದಿತ್ತು: "ಹಸುಗಳು ಒಂದೇ ಸಮ ಕೂಗ್ತಾ ಇವೆ ಅಕ್ಕಾ, ಏನು ಮಾಡ್ಲಿ?" ತಮ್ಮ ನಂಬರು ಕೊಟ್ಟು ಫೋನು ಇಟ್ಟುಬಿಟ್ಟೆ. ಒಂದು ಮಾತು ಕೇಳುವುದು ಮರೆತೆ; ಅವನ ಫೋನು ಬಂದಾಗ ದಯವಿಟ್ಟು ನನ್ನ ಪರವಾಗಿ ತಾವೇ ಕೇಳಿ. ಅಲ್ಲಪ್ಪಾ, ಹಾಲಿನ ಬಕೆಟ್ಟು ಎಲ್ಲಿದೆ ಅಂತಾದರೂ ಗೊತ್ತೇನಯ್ಯಾ ನಿನಗೆ?