ಹುಲ್ಲಿನ ಮಷಿನ್ನಿಗೆ ಸೋಮವಾರ ಸೂಟಿ

ಬೈಲಹೊಂಗಲ ಸೀಮಿಯೊಳಗ ಕರಕಿಗೆ ನೀರು ಹಾಕಿ, ಗೊಬ್ಬರಾ ಹಾಕಿ, ಹಡದ ಮಗನ್ನ ಸಾಕಿದಂಗ ಸಾಕಿದ ಗಂಡಸು ಒಬ್ಬನೇ ಒಬ್ಬ ಇದ್ದಾನ. ಆತ ನಮ್ಮ ಮನ್ಯಾಗ ಹುಟ್ಟ್ಯಾನ! ಇದನ್ನ ನಾಚಿಕಿ ಬಿಟ್ಟು ಹೇಳಾಕತ್ತೇನೋ, ಹೆಮ್ಮಿಯಿಂದ ಹೇಳಾಕತ್ತೇನೋ ಅಂತ ಕೇಳಬ್ಯಾಡ್ರಿ. ಮೊದಲ ಪೂರಾ ಕೇಳ್ರಿ, ಆಮ್ಯಾಲ ನೀವ ಹೇಳ್ರಿ.

ಯರಿಹೊಲಾ ಇದ್ದವರಿಗೆ ಕರಕಿ ಅಂದ್ರ ಏನಂತ ಹೇಳೂದು ಬೇಕಾಗಿಲ್ಲ. ಪ್ಯಾಟಿಯವರಿಗೆ ಹೇಳ್ತೇನಿ, ನೀವು ಗರಿಕೆ ಅಂತೀರಲ್ಲ, ಆ ಹುಲ್ಲು. ಗಣಪ್ಪನ ಪೂಜಾಕ್ಕ ಅದರದು ನಾಕ ಎಳಿ ಬೇಕು, ಉಳಿದದ್ದು ಯಾರಿಗೂ ಬ್ಯಾಡ. ಒಮ್ಮೆ ಹೊಲಾ ಹೊಕ್ತಂದ್ರ ಮುಗೀತು, ಮ್ಯಾಲ ಹರದ್ರ ಕೆಳಗ ಚಿಗೀತೈತಿ. ನಮ್ಮ ಮನಿತನದವರು ತಲಿತಲಾಂತರದಿಂದ ಅದನ್ನ ಕಡದು, ಅಗದು, ಒಣಗಿಸಿ, ಸುಟಗೋತ ಬಂದಾರ. ಅಂಥಾ ಮನಿತನದಾಗ ಹುಟ್ಟಿದ ನಮ್ಮ ಕಾಕಾ, ಅಂದ್ರ ನಮ್ಮಪ್ಪನ ತಮ್ಮ, ಊರ ಹೊರಗ ಹೊಸಾ ಮನಿ ಕಟ್ಟಿಸಿದ ವರ್ಷ ಮನಿ ಮುಂದಿನ ಖುಲ್ಲಾ ಜಾಗಾದಾಗ ಕರಕಿ ಹಚ್ಚಿದ!

ತೊಂಬತ್ತರ ದಶಕದ ಮಾತು ಇದು. ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಕಬ್ಬು ತಗೊಂಡು ಹೋದಾಂವ, ಗಾಡಿ ಪಾಳಿ ಬರೂತನಕ ಅಂತ ಆ ಕಡೆ ಈ ಕಡೆ ಅಡ್ಡಾಡಾಕ ಹೋಗಿದ್ನಂತ. ಒಂದು ಬಂಗಲೆ ಮುಂದ ಹಸರು ಲಾನು. ಅದರ ನಡುವ ಯಾರೋ ಸಾಹೇಬರ ಅವ್ವ ಕಾಲು ಚಾಚಿ ಕುಂತು, ಕಪ್ಪಿನ್ಯಾಗಿಂದ ಬಶ್ಯಾಗ ಚಾ ಸುರುವಿಕೊಂಡು ಕುಡ್ಯಾಕ ಹತ್ತಿದ್ಲಂತ. ನಮ್ಮ ಕಾಕಾ ಕಂಪೌಂಡ ಹಿಡಕೊಂಡು ಆ ಮುದುಕಿನ್ನ ನೋಡಿದ, ನೋಡಿದ, ಕಬ್ಬಿನ ಪಾಳಿ ತಪ್ಪಿಸಿಕೊಳ್ಳೂ ಮಟ ನೋಡಿದ. ಮನಿಗಿ ಬಂದು ಒಂದೇ ಮಾತು ಅಂದ: "ನಮ್ಮವ್ವನೂ ಹಂಗ ಕುಂಡ್ರಬೇಕು."

ಕಾಕಾನ ಅವ್ವ ಅಂದ್ರ ನಮ್ಮ ಆಯಿ. ಸಣ್ಣಾಕಿ ಇದ್ದಾಗಿಂದ ಕುರ್ಪಿ ಹಿಡದು, ಬಗ್ಗಿ ಬಗ್ಗಿ ಹೊಲದ ಕಸಾ ತಗದಾಕಿ. ಹಂಗ ಬಗ್ಗಿದ ನಡಾ ಆಮ್ಯಾಲ ಪೂರಾ ನೆಟ್ಟಗ ಆಗಲೇ ಇಲ್ಲ. ಅಂಗಳದಾಗ ಚಿಗತ ಆ ಹಸರು ನೋಡಿ ಆಕಿ ಏನಂದ್ಲು ಗೊತ್ತೇನ್ರಿ?

"ಎಲೋ, ಜಲ್ಮೆಲ್ಲಾ ಇದರ ಬೇರ ಕಿತ್ತು ಕಿತ್ತು ನನ್ನ ಉಗುರು ಸವದಾವು. ಇದರ ಮ್ಯಾಲ ಕುಂಡ್ರು ಅಂತೀ? ವೈರಿ ಮನ್ಯಾಗ ಉಣ್ಣಾಕ ಕುಂತಂಗ ಆಕ್ಕೈತಿ. ನಾ ಅದರ ಮ್ಯಾಲ ಕಾಲ ಇಡಾಂಗಿಲ್ಲ!"

ಇಡಲೂ ಇಲ್ಲ. ಗೇಟಿಗೆ ಹೋಗಬೇಕಂದ್ರ ಕಂಪೌಂಡಿನ ಗ್ವಾಡಿ ಹಿಡಕೊಂಡು, ಸೀರಿ ಎತ್ತಿಕೊಂಡು, ಸುತ್ತ ಹಾಕಿ ಹೋಗಾಕಿ. ದಿನಾ ಮುಂಜಾನೆ ಕಾಕಾ ಕೇಳಾಂವ, "ಯವ್ವಾ, ಇವತ್ತರ ಕುಂಡ್ರತೀ?" ಆಯಿ ಅನ್ನಾಕಿ, "ಹೋಗಲೇ ಅತ್ತಾಗ!" ಇದು ನಮ್ಮ ಮನೀ ಸುಪ್ರಭಾತ.

ಬಂದವರೇನು ಕಡಿಮಿ ಅಂದ್ರೇನು? ಹೂಲಿಯಿಂದ ಒಬ್ಬರು ಬೀಗರು ಬಂದವರು ಗೇಟಿನಾಗ ನಿಂತು, ಟೊಪಿಗಿ ತಗದು, ಸತ್ತವರ ಮನಿಗಿ ಬಂದವರಂಗ ಮಾರಿ ಮಾಡಿಕೊಂಡ್ರು. "ಹೊಸಾ ಮನಿಗಿ ಹಿಂಗ ಆಗಬಾರದಿತ್ತು ತಮ್ಮಾ. ಎದಿ ಒಡಕೋಬ್ಯಾಡ. ನಾಳೆ ನಾಕ ಆಳ ಕಳಸ್ತೇನಿ, ಸಂಜೀತನಕ ಕಡದು ಒಗೀತಾರ." ಕಾಕಾ ಎದಿ ಉಬ್ಬಿಸಿ "ನಾನ ಬೆಳಸೇನ್ರಿ ಇದನ್ನ" ಅಂದ. ಬೀಗರು ಟೊಪಿಗಿ ಮತ್ತ ಹಾಕ್ಕೊಂಡು, ಕಾಕಾನ ಹಣಿ ಮುಟ್ಟಿ ಜ್ವರಾ ನೋಡಿದ್ರು.

ಬೆಳಸೂದೇನೋ ಬೆಳಸಿದ, ಕತ್ತರಿಸೂದು ಹೆಂಗ? ಮೊದಲ ಕುಡಗೋಲು ಹಿಡದ. ಒಂದು ಕಡೆ ತಗ್ಗು, ಒಂದು ಕಡೆ ದಿನ್ನಿ ಆತು. ಕಟ್ಟಿ ಮ್ಯಾಲ ಕುಂತ ಆಯಿ ಪುಕಟ್ ಸಲಹಾ ಕೊಟ್ಲು, "ಎಮ್ಮಿ ಬಿಡೋ, ಹಾಲರೆ ಬರತಾವು." ಕಾಕಾ ಖರೇನ ಎಮ್ಮಿ ಬಿಟ್ಟ! ಅದು ನಮ್ಮ ಕಾಕು ಹಚ್ಚಿದ ಚೆಂಡಹೂವಿನ ಗಿಡಾ ಎಲ್ಲಾ ತಿಂತು, ಕರಕಿ ಮೂಸೀನೂ ನೋಡಲಿಲ್ಲ, ಆಮ್ಯಾಲ ಲಾನಿನ ನಟ್ಟನಡುವ ಕಾಲು ಮಡಚಿ ಕುಂತು ಮೆಲಕು ಹಾಕಾಕ ಸುರು ಮಾಡ್ತು. ಕಾಕು, ಅಂದ್ರ ಕಾಕಾನ ಹೆಂಡ್ತಿ, ಬಾಗಲದಾಗ ನಿಂತು ಅಂದ್ಲು: "ನೋಡ್ರಿ, ಅತ್ತಿ ಕುಂಡ್ರಲಿಲ್ಲ, ಎಮ್ಮಿ ಕುಂತತಿ!"

ಆ ಮಾತು ಕಾಕಾಗ ನಟ್ಟಿತು. ಮರುದಿನಾನ ಬೆಳಗಾವಿಗೆ ಹೊಂಟ, ಮಷಿನ್ ತರಾಕ. ಕುಪ್ಪಸದ ಅರಿವಿ ತರೂದಿತ್ತಂತ ನಾನೂ ಜೋಡಿ ಹೋದೆ. ಕಾಕಾನ ಕೈಯಾಗ ಒಂದು ಒದ್ದಿ ಅರಿವಿ ಗಂಟು. ನಾನು ಬುತ್ತಿ ಅಂತ ತಿಳಕೊಂಡು ಯಕ್ಕುಂಡಿ ದಾಟೂತ್ಲೆ "ಕಾಕಾ, ಹಸಿವ್ಯಾಗೈತಿ, ಬಿಚ್ಚು" ಅಂದ್ರ, "ಅದು ನಿನಗಲ್ಲ, ಮಷಿನ್ನಿಗೆ" ಅಂದ.

ನೀವು ಎತ್ತು ಕೊಳ್ಳೂದು ನೋಡೀರೇನು? ಹಲ್ಲು ನೋಡ್ತಾರ, ಸುಳಿ ನೋಡ್ತಾರ, ನಾಕ ಹೆಜ್ಜಿ ನಡಸಿ ನೋಡ್ತಾರ. ನಮ್ಮ ಕಾಕಾಗ ಜಗತ್ತಿನ್ಯಾಗ ಕೊಳ್ಳೂ ರೀತಿ ಗೊತ್ತಿದ್ದದ್ದು ಅದೊಂದ. ಅಂಗಡ್ಯಾಗಿನ ಹುಡುಗ ಕರೆಂಟಿನ ಮಷಿನ್ ತೋರಿಸಿದ. "ನಮ್ಮ ಕಡೆ ಕರೆಂಟ್ ಬರೂದ ಮಂದಿ ಮಲಗಿದ ಮ್ಯಾಲ. ಹುಲ್ಲು ಕೊಯ್ಯಾಕ ಕಂದೀಲ ಹಿಡೀಲೇನು?" ಅಂದ ಕಾಕಾ. ಹುಡುಗ ಪೆಟ್ರೋಲಿಂದು ತೋರಿಸಿ ಚಾಲೂ ಮಾಡಿದ. ಕಾಕಾ ನಾಕ ಹೆಜ್ಜಿ ಹಿಂದ ಸರದು, "ಇದು ಹಾಯೂ ಎತ್ತು, ಹೆಣಮಕ್ಕಳಿರೂ ಮನಿಗಿ ಬ್ಯಾಡ" ಅಂದ. ಕಡೀಕ ಮೂಲ್ಯಾಗ ಧೂಳ ಹಿಡದು ನಿಂತಿತ್ತು ನೋಡ್ರಿ, ಕೈಲೆ ನೂಕೂದು, ಎರಡು ಗಾಲಿ, ನಡುವ ಸುರುಳಿ ಸುತ್ತಿದ ಅಲಗು. ಕಾಕಾ ಅದರ ಮುಂದ ಕುಕ್ಕರಗಾಲಿಲೆ ಕುಂತು ಅಲಗು ಒಂದೊಂದ ಬೆರಳಿಲೆ ಮುಟ್ಟಿ ನೋಡಿದ. "ಹಲ್ಲು ಪಾಡ ಅದಾವು. ಹರೇದ್ದ ಐತಿ." ಬೆನ್ನು ಚಪ್ಪರಿಸಿದ. ಅಂಗಡೀ ತುಂಬ ನಡಸ್ಯಾಡಿದ. ಆಮ್ಯಾಲ ಗಂಟು ಬಿಚ್ಚಿದ.

ಒಳಗ ಏನಿತ್ತಂತೀರಿ? ಮನೀ ಅಂಗಳದಾಗಿಂದು ಮಣ್ಣು ಸಮೇತ ಅಗದು ತಂದ ಕರಕಿ! ಅದನ್ನ ಫರಸಿ ಮ್ಯಾಲ ಹಾಸಿ, "ಮೇವು ಹಾಕಿ ನೋಡದ ಎತ್ತು ತರಬಾರದಂತ ನಮ್ಮಪ್ಪ ಹೇಳ್ಯಾನ" ಅಂತ ಮಷಿನ್ ನೂಕಿದ. ಕರ್ ಅಂತ ಕರಕಿ ಹರೀತು. ಕರಿ ಮಣ್ಣು ಅಂಗಡಿ ತುಂಬ ಹಾರಿತು. ಹುಡುಗ ತಲಿ ಹಿಡಕೊಂಡ. ಕಾಕಾ ಮಾತ್ರ "ಭೇಷ್! ಮೇವಿಗೆ ಚಲೋ ಐತಿ" ಅಂದ.

ಇಷ್ಟಕ್ಕ ಮುಗೀತೇನು? ದನದ ಸಂತ್ಯಾಗ ಧಾರಣಿ ಬಾಯಿಲೆ ಹೇಳೂದಿಲ್ಲ. ಟವೆಲ್ ಕೆಳಗ ಕೈ ಇಟ್ಟು, ಬೆರಳು ಹಿಡದು ತಿಳಸ್ತಾರ, ಸುತ್ತಲಿನವರಿಗೆ ಗೊತ್ತಾಗಬಾರದಂತ. ಕಾಕಾ ಹೆಗಲ ಮ್ಯಾಲಿನ ಟವೆಲ್ ಆ ಹುಡುಗನ ಕೈಮ್ಯಾಲ ಒಗದು ಒಳಗಿಂದ ಗಪ್ಪನ ಬೆರಳು ಹಿಡದ! ಹುಡುಗ ಚಿಟ್ಟನ ಚೀರಿ, "ಫಿಕ್ಸ್ ರೇಟ್ ಐತ್ರಿ, ಕೈ ಬಿಡ್ರಿ" ಅಂತ ಅಳೂದೊಂದ ಬಾಕಿ. ಗಲ್ಲಾದ ಮ್ಯಾಲ ಕುಂತಿದ್ದ ಮಾಲಕರ ತಂದಿ, ಹಣ್ಣ ಮುದುಕರು, ಇದನ್ನೆಲ್ಲಾ ನೋಡಿ ಕಣ್ಣಾಗ ನೀರು ಬರೂವಂಗ ನಕ್ಕು, ತಾವ ಎದ್ದು ಬಂದು ಟವೆಲ್ ಕೆಳಗ ಕೈ ಹಾಕಿದ್ರು. ಇಬ್ಬರೂ ಮಾರಿ ನೋಡ್ಕೋತ ನಿಂತ್ರು. ಒಂದು ಮಾತಿಲ್ಲ. ವ್ಯಾಪಾರ ಆತು. ಎಷ್ಟಕ್ಕ ಆತು ಅನ್ನೂದು ಇವತ್ತಿನತನಕ ನಮ್ಮ ಕಾಕೂಗೂ ಗೊತ್ತಿಲ್ಲ.

ಬಸ್ಸಿನ್ಯಾಗ ಕಂಡಕ್ಟರ್, "ಏನೈತ್ರಿ ಯಜಮಾನ್ರ ಇದು?" ಅಂದ.

"ಹುಲ್ಲು ಮೇಯೂ ಜಾನವಾರ."

"ಜಾನವಾರಕ್ಕ ಬಸ್ಸಿನ್ಯಾಗ ಪರವಾನಗಿ ಇಲ್ರಿ."

"ಸಗಣಿ ಹಾಕೂದಿಲ್ಲೋ ಮಾರಾಯಾ!"

"ಹಂಗಾರ ಮ್ಯಾಲ ಕಟ್ರಿ," ಅಂದ ಕಂಡಕ್ಟರ್. ಅಂವನೂ ನಮ್ಮ ಸೀಮಿಯಾಂವನ ಇದ್ದ.

ಮನಿಗಿ ಬಂದ ಮ್ಯಾಲ ಕಾಕು ಹೊಸಾ ಎತ್ತಿಗೆ ಮಾಡಿದಂಗ ಗಾಲಿಗೆ ನೀರು ಹಾಕಿ, ಆರತಿ ಮಾಡಿ, ರೊಟ್ಟಿ ನಿವಾಳಿಸಿ ಒಗೀಬೇಕಾತು. ಆಯಿ ಕಟ್ಟಿ ಮ್ಯಾಲಿಂದ, "ಹುಲ್ಲು ಬೆಳ್ಯಾಕ ನೀರು, ಅದನ್ನ ಕೊಯ್ಯಾಕ ಮಷಿನ್ನು! ನಿಮ್ಮಪ್ಪ ಇದ್ದಿದ್ರ ಮೊದಲ ನಿನ್ನ ಕೊಯ್ತಿದ್ದ" ಅಂದ್ಲು. ಕಾಕಾ ನಕ್ಕ. "ಯವ್ವಾ, ಇನ್ನ ಮ್ಯಾಲ ಕುಂಡ್ರತೀ?" "ಹೋಗಲೇ!"

ಆಯಿ ನೆವಾ ಹೇಳಾಕಿ, ಕಾಕಾ ಮಷಿನ್ ಹೊಡ್ಯಾಂವ. ಹಾವಿರ್ತಾವು ಅಂದ್ರ ಇನ್ನಷ್ಟು ಸಣ್ಣ ಕತ್ತರಿಸಿದ. ಚುಚ್ಚತಾವು ಅಂದ್ರ ಅಲಗಿಗೆ ಸಾಣಿ ಹಿಡಿಸಿ ಮತ್ತ ಕತ್ತರಿಸಿದ. ಹಸಿ ಐತಿ, ಸೀರಿ ತೊಯ್ತೈತಿ ಅಂದ್ರ ನೀರು ನಿಲ್ಲಿಸಿದ. ನಮ್ಮ ಆಯಿಯ ಹಟದಿಂದ ಆ ಲಾನು ಎಂಥಾ ಚಂದ ಆತಂದ್ರ, ಸವದತ್ತಿ ಗುಡ್ಡಕ್ಕ ಹೊಂಟ ಮಂದಿ ಗಾಡಿ ನಿಲ್ಲಿಸಿ ಫೋಟೋ ಹೊಡಿಸಿಕೊಳ್ಳೂವಂಗ ಆತು! ಕಿತ್ತೂರಿಂದ ಬಂದ ಒಬ್ಬರು ಬೀಜಾ ಎಲ್ಲೆ ಸಿಗತಾವು ಅಂತ ಕೇಳಿದಾಗ ನಮ್ಮ ಕಾಕಾನ ಮಾರಿ ನೋಡಬೇಕಿತ್ತು. "ನಿಮ್ಮ ಹೊಲದಾಗ ಹುಡುಕ್ರಿ, ಪುಕಟ್ ಸಿಗತೈತಿ" ಅಂದ. ಆ ಕಡೆ ಸಾಹೇಬರ ಲಾನು ಯಾವ ಗಿಡದ ತಪ್ಪಲ ಇದರ ಮುಂದ? ನನಗಂತೂ ಗೆಳತ್ಯಾರನ್ನ ಮನಿಗಿ ಕರಕೊಂಡು ಬಂದು ತೋರಸೂದ ಒಂದು ಚಟಾ ಆಗಿತ್ತು.

ಮಷಿನ್ನಿನ ಆರೈಕಿ ಕೇಳಬ್ಯಾಡ್ರಿ. ಕೊಟಗ್ಯಾಗ ಎತ್ತಿನ ಬಾಜೂಕ ಅದರ ಜಾಗಾ, ಮ್ಯಾಲ ಹೊಚ್ಚಾಕ ಝೂಲ. ಎತ್ತು ಸಿಂಗರಿಸೂ ಕಾರ ಹುಣ್ಣಿಮಿಗೆ ಹಿಡಿಕಿ ಎರಡೂ ತುದಿಗೆ ಕೋಡಿನಂಗ ಬಣ್ಣಾ ಬಳದು, ಗೆಜ್ಜಿ ಕಟ್ಟಿದ. ಆ ಗೆಜ್ಜಿ ಆಮ್ಯಾಲ ಬಿಚ್ಚಲೇ ಇಲ್ಲ. ಝಲ್ ಝಲ್ ಅಂದ್ರ ಸಾಕು, ಕಾಕಾ ಹುಲ್ಲು ಹೊಡ್ಯಾಕತ್ತ್ಯಾನ ಅಂತ ಓಣಿಗೆಲ್ಲಾ ತಿಳೀತಿತ್ತು. ಸೋಮವಾರ ಮಾತ್ರ ಗಪ್ಪ. ಸೋಮವಾರ ಎತ್ತು ಹೂಡಬಾರದು, ಬಸವಣ್ಣನ ವಾರ. "ಇದು ಕಬ್ಬಣರಿ" ಅಂತ ಕಾಕು ಅಂದ್ರ, "ದುಡಿಯೂ ಜೀವ ಎಲ್ಲಾ ಒಂದ" ಅನ್ನಾಂವ.

ಒಂದು ಸಲ ಭಾಳ ಪ್ರೀತಿ ಬಂದು, ದುಡಿಯೂ ಎತ್ತಿಗೆ ಕುಸುಬಿ ಎಣ್ಣಿ ಕುಡಸ್ತಾರಲ್ಲ, ಹಂಗ ಮಷಿನ್ನಿಗೂ ಮೂಗಿನ ಮಟ ಕುಸುಬಿ ಎಣ್ಣಿ ಕುಡಿಸಿದ! ವಾರದಾಗ ಎಣ್ಣಿ ಅಂಟಾಗಿ ಗಟ್ಟಿ ಹಿಡದು ಗಾಲಿ ತಿರಗಲಿಲ್ಲ. ಕಾಕಾ ಊಟಾ ಬಿಟ್ಟ. "ಯಾರದೋ ದೃಷ್ಟಿ ತಾಗೇತಿ." ಕಾಕು ಬಂದು ಬೆರಳಿಲೆ ಮುಟ್ಟಿ ನೋಡಿ, "ಯಾರ ದೃಷ್ಟೀನೂ ಇಲ್ಲ. ಭಜಿ ಕರಿಯೂ ಬಾಣಲಿ ತೊಳೀದ ಇಟ್ರ ಹಿಂಗ ಅಂಟ ಹಿಡೀತೈತಿ" ಅಂತ ಚಿಮಣಿ ಎಣ್ಣಿ ಹಚ್ಚಿ ತಿಕ್ಕಿದ್ಲು. ಗಾಲಿ ಗರ್ ಅಂತ ತಿರಗಿದ್ವು. ಕಾಕಾ ಅವತ್ತು ನಾಕ ರೊಟ್ಟಿ ಜಾಸ್ತಿ ತಿಂದ.

ಹಿಂಗ ವರ್ಷಗಟ್ಟಲೆ ನಡೀತು. ಲಾನು ಹಸರಾಗಿತ್ತು, ಆಯಿ ಗ್ವಾಡಿ ಹಿಡಕೊಂಡ ಅಡ್ಡಾಡತಿದ್ಲು.

ಎರಡು ಸಾವಿರದ ಇಸವಿ ದಾಟಿದ ಮ್ಯಾಲಿನ ಒಂದು ಮಳಿಗಾಲ ಕಾಕಾಗ ಟೈಫಾಯ್ಡ್ ಆತು. ಸಣ್ಣಾಗಿ ಹಾಸಿಗಿಗೆ ಅಂಟಿಬಿಟ್ಟ. ಗೆಜ್ಜಿ ಸಪ್ಪಳಾ ನಿಂತಿತು. ಮಳಿ ನಿಲ್ಲಲಿಲ್ಲ, ಕರಕಿ ಮೊಳಕಾಲ ಮಟ ಎದ್ದಿತು. ನಾನು ಕಾಕಾನ್ನ ಮಾತಾಡಿಸಾಕ ಹೋದ ದಿನ ಆಯಿ ಕಟ್ಟಿ ಮ್ಯಾಲ ಕುಂತಿದ್ಲು. ರಸ್ತಾದ ಮ್ಯಾಲ ಹೊಂಟ ಇಬ್ಬರು ಗೇಟಿನಾಗ ನಿಂತು, "ಈ ಮನಿ ಅಂಗಳಾ ಹಾಳ ಬಿತ್ತ ನೋಡೋ. ಮಾಡವ್ರು ಯಾರೂ ಇಲ್ಲೇನೋ" ಅಂದ್ರು.

ಆಯಿ ಎದ್ದು ಒಳಗ ಹೋಗಿ ಮಲಗಿದ ಮಗನ ಮಾರಿ ನೋಡಿದ್ಲು. ಹೊರಗ ಬಂದು ಸೀರಿ ಎತ್ತಿ ಕಚ್ಚಿ ಹಾಕಿದ್ಲು. ಸೀದಾ ಕೊಟಗಿಗೆ ಹೋಗಿ ಝೂಲ ತಗದ್ಲು.

ಝಲ್ ಝಲ್!

ಹಾಸಿಗ್ಯಾಗ ಕಾಕಾ ಕಣ್ಣು ತಗದ. "ಇವತ್ತು ಸೋಮವಾರಲ್ಲ? ಯಾವನಲೇ ಅಂವ, ಸೋಮವಾರ ನನ್ನ ಎತ್ತು ಹೂಡಿದಾಂವ!" ಅಂತ ಸಿಟ್ಟಿನ ಭರಾಟಿಗೆ ಎದ್ದ ಬಿಟ್ಟ. ನಾನೂ ಕಾಕೂನೂ ಹಿಡಕೊಂಡ್ವಿ. ಗ್ವಾಡಿ ಹಿಡಕೊಂಡು ಬಾಗಲಕ್ಕ ಬಂದ.

ಅಷ್ಟು ಎತ್ತರದ ಹುಲ್ಲಿಗೆ ಮಷಿನ್ ನಡುವ ಸಿಕ್ಕು ನಿಂತಿತ್ತು. ನಮ್ಮ ಆಯಿ ದಣದು, ಅಲ್ಲೇ ಹುಲ್ಲಿನ ಮ್ಯಾಲ ಕಾಲು ಚಾಚಿ ಕುಂತಿದ್ಲು. ಮಷಿನ್ನಿನ ಕಡೆ ಆಕಿ ಲಕ್ಷ್ಯ ಇರಲಿಲ್ಲ. ಬಲಗೈ ತನ್ನಷ್ಟಕ್ಕ ತಾನ ಕರಕಿ ಕೀಳಾಕ ಹತ್ತಿತ್ತು. ಬೇರ ಸಮೇತ.

ಕಾಕಾನ್ನ ನೋಡಿ ಆಯಿ, "ಏನ ನೋಡ್ತಿ? ಸೋಮವಾರ ಎತ್ತಿಗೆ, ಕಬ್ಬಣಕ್ಕ ಯಾತರ ಸೋಮವಾರ? ನನ್ನ ಮಗಾ ಹಚ್ಚಿದ್ದಕ್ಕ ಯಾರರೆ ಹಾಳ ಅಂದ್ರ ನಾ ಕೇಳ್ಕೋತ ಕುಂಡ್ರಲೇನು?" ಅಂದ್ಲು.

ಕಾಕಾ ಕಾಕೂನ ಭುಜಾ ಹಿಡದು, "ಚಾ ಇಡ. ಬಶಿ ಮರೀಬ್ಯಾಡ" ಅಂದ.

ಆಯಿ ಈಗಿಲ್ಲ. ಲಾನು ಐತಿ, ಮಷಿನ್ ಐತಿ, ಗೆಜ್ಜಿ ಅದಾವು. ಲಾನಿನ ನಡುವ ರೊಟ್ಟಿ ಹಂಚಿನಷ್ಟು ಅಗಲ ಒಂದು ಬೋಳ ಜಾಗಾ ಐತಿ. ಕರಕಿ ಒಮ್ಮೆ ಕಿತ್ರ ಬಿಡೂ ಜಾತಿ ಅಲ್ಲ, ಮೊದಲ ಹೇಳೇನಲ್ಲ? ತಿಂಗಳೊಪ್ಪತ್ತಿನ್ಯಾಗ ಮತ್ತ ಚಿಗೀಬೇಕಿತ್ತು. ಅದ್ಹೆಂಗ ಚಿಗೀಲಿಲ್ಲ ಅಂತ ನನಗ ಭಾಳ ದಿನಾ ತಿಳೀಲಿಲ್ಲ.

ಒಂದು ಸೋಮವಾರ ಹೋದಾಗ ನೋಡಿದೆ. ಮಷಿನ್ ಝೂಲ ಹೊಚಗೊಂಡು ಕೊಟಗ್ಯಾಗ ನಿಂತಿತ್ತು. ಕಾಕಾ ಆ ಬೋಳ ಜಾಗಾದ ಮುಂದ ಬಗ್ಗಿ ಕುಂತಿದ್ದ, ಕೈಯಾಗ ಆಯಿಯ ಹಳೇ ಕುರ್ಪಿ.

"ಏನ ಮಾಡಾಕತ್ತಿ ಕಾಕಾ?" ಅಂದೆ.

ಮಾರಿ ಎತ್ತಲಿಲ್ಲ. "ಅವ್ವನ ಜಾಗಾ ಐತಿ," ಅಂದ. "ಕಸಾ ತಗ್ಯಾಕತ್ತೇನಿ."