ಭಾವನ ಕ್ಯಾರವಾನಿಗೊಂದು ಹೊದಿಕೆ

ನಮ್ಮ ಭಾವನ ಮನೆಯಲ್ಲಿ ಹೊದಿಕೆಯಿಲ್ಲದ ವಸ್ತು ಒಂದೇ ಒಂದು. ಅದು ಅವರ ತಲೆ!

ದೇವರು ಕೊಟ್ಟ ಹೊದಿಕೆ ಮೂವತ್ತು ದಾಟುವ ಮೊದಲೇ ಕಳಚಿಕೊಂಡಿತು. ಆ ಸೇಡನ್ನು ಅವರು ಮನೆಯ ಉಳಿದ ವಸ್ತುಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಫ್ರಿಜ್ಜಿಗೆ ಹೂವಿನ ಹೊದಿಕೆ, ಮಿಕ್ಸಿಗೆ ಟೋಪಿ, ಟಿವಿಗೆ ಪರದೆ, ರಿಮೋಟಿಗೆ ಪ್ಲಾಸ್ಟಿಕ್ಕು. ಸೋಫಾದ ಮೇಲೆ ಹೊದಿಸಿದ ಪ್ಲಾಸ್ಟಿಕ್ಕಿನ ಮೇಲೆ ಕುವೈತಿನ ಜುಲೈ ತಿಂಗಳಲ್ಲಿ ನೀವು ಚಡ್ಡಿ ಹಾಕಿಕೊಂಡು ಕೂತು ನೋಡಬೇಕು! ಏಳುವಾಗ ತೊಡೆಯ ಚರ್ಮ ಅಲ್ಲೇ ಉಳಿಯುತ್ತದೆ. ಪ್ರತಿ ಶುಕ್ರವಾರ ಲೋಕವೆಲ್ಲ ಬಿರಿಯಾನಿ ತಿಂದು ಮಲಗಿರುವಾಗ ಭಾವ ಈ ಎಲ್ಲ ಹೊದಿಕೆಗಳನ್ನೂ ಮೂಟೆ ಕಟ್ಟಿ ತಾರಸಿಗೆ ಹೊತ್ತು, ಕೊಡವಿ, ಒಗೆದು, ಒಣಗಿಸಿ ತರುತ್ತಿದ್ದರು.

ಒಮ್ಮೆ ರಸ್ತೆಯಲ್ಲಿ ಪೊಲೀಸಿನವನು ನಮ್ಮ ಗಾಡಿ ನಿಲ್ಲಿಸಿ ಸಿವಿಲ್ ಐಡಿ ಕೇಳಿದ. ಭಾವ ಚರ್ಮದ ಚೀಲ ಕೊಟ್ಟರು. ಅದರೊಳಗೆ ಪ್ಲಾಸ್ಟಿಕ್ ಚೀಲ. ಅದರೊಳಗೆ ಇನ್ನೊಂದು. ಪೊಲೀಸಿನವನು ಈರುಳ್ಳಿ ಸುಲಿದಂತೆ ಸುಲಿದೂ ಸುಲಿದೂ ಕಾರ್ಡು ಸಿಗುವ ಮೊದಲೇ ತಾಳ್ಮೆ ಕಳೆದುಕೊಂಡು, "ಯಲ್ಲಾ, ರೂಹ್!" ಎಂದು ಕೈಬೀಸಿ ಕಳಿಸಿಬಿಟ್ಟ.

"ನೋಡಿದೆಯಾ ಮಾರಾಯ?" ಎಂದರು ಭಾವ, ಗೆದ್ದ ಮುಖದಲ್ಲಿ. "ಕವರು ಇದ್ದರೆ ಮನುಷ್ಯ ಸೇಫ್."

ಭಾವ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್. ಅಬ್ಬಾಸಿಯಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅವರು, ನನ್ನ ಅಕ್ಕ, ಮತ್ತು ಅವರ ಮಗಳು. ನಾನು ಅದೇ ರಸ್ತೆಯ ಬ್ಯಾಚಲರ್ ರೂಮಿನವನು. ಊಟದ ಹೊತ್ತಿಗೆ ಮಾತ್ರ ತಪ್ಪದೆ ಅಕ್ಕನ ಮನೆಯವನು.

ಅಕ್ಕನಿಗೆ ಉಬ್ಬಸ. ಊರಲ್ಲಿ ಇರಲಿಲ್ಲ, ಇಲ್ಲಿಗೆ ಬಂದ ಮೇಲೆ ಅಂಟಿಕೊಂಡದ್ದು. ಮರುಭೂಮಿಯ ಧೂಳು ಎದ್ದ ದಿನ ಅವಳ ಎದೆಯಿಂದ ಪಿಟೀಲು ಶ್ರುತಿ ಮಾಡಿದಂತೆ ಸದ್ದು ಬರುತ್ತಿತ್ತು. ತಲೆದಿಂಬಿನ ಕೆಳಗೆ ಸದಾ ಬಾಯಿಗೆ ಹೊಡೆದುಕೊಳ್ಳುವ ಔಷಧಿಯ ಪಂಪು. ಒಂದು ವರ್ಷವಂತೂ ಅವಳು ಸೋತುಹೋಗಿ ಹೇಳಿಯೇಬಿಟ್ಟಳು: "ಇನ್ನೊಂದು ವರ್ಷ ನೋಡ್ತೇನೆ. ಹೀಗೇ ಆದ್ರೆ ಮಗಳನ್ನು ಕರ್ಕೊಂಡು ಊರಿಗೆ ಹೋಗ್ತೇನೆ. ನೀವು ಇಲ್ಲಿ ಒಬ್ರೇ ಇರಿ."

ಒಬ್ಬರೇ ಇರುವುದೆಂದರೆ ಏನೆಂದು ಭಾವನಿಗೆ ಗೊತ್ತಿತ್ತು. ಮದುವೆಗೆ ಮೊದಲು ಅವರೂ ಬ್ಯಾಚಲರ್ ರೂಮಿನಲ್ಲಿ ಇದ್ದವರೇ. ಗೋಡೆಗೊಂದು ಮಂಚ, ಮಂಚಕ್ಕೊಬ್ಬ ಮನುಷ್ಯ, ಸರದಿಯಲ್ಲಿ ಅಡುಗೆ, ಸರದಿಯಲ್ಲಿ ಸ್ನಾನ. ಅಲ್ಲಿಗೆ ಮರಳುವ ಯೋಚನೆ ಬಂದರೇ ಅವರ ಮುಖ ಬಾಡುತ್ತಿತ್ತು.

ಆಗ ಬಂತು ಕ್ಯಾರವಾನ್!

ರಿಫೈನರಿಯ ಇಂಗ್ಲಿಷ್ ಇಂಜಿನಿಯರೊಬ್ಬರು ಊರಿಗೆ ಹೊರಟಾಗ, ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ತಮ್ಮ ಹಳೆಯ ಗಾಡಿಮನೆಯನ್ನು ಭಾವನಿಗೆ ಜುಜುಬಿ ಬೆಲೆಗೆ ಕೊಟ್ಟುಬಿಟ್ಟರು. ಒಳಗೆ ಎರಡು ಹಾಸಿಗೆ, ಪುಟ್ಟ ಒಲೆ, ಕಿಟಕಿಗೆ ಗೀರುಗೀರಿನ ಪರದೆ. ಚಳಿಗಾಲದಲ್ಲಿ ಕುವೈತಿನವರೆಲ್ಲ ಮರುಭೂಮಿಯಲ್ಲಿ ಡೇರೆ ಹಾಕುತ್ತಾರಲ್ಲ, ನಾವೂ ಹಾಗೆ ಒಂದು ಶುಕ್ರವಾರ ಹೊರಟೆವು. ಹಿಂದಿನ ದಿನ ಮಳೆ ಬಂದು ಧೂಳೆಲ್ಲ ನೆಲ ಕಚ್ಚಿತ್ತು. ಅಕ್ಕ ಆ ಗಾಡಿಯೊಳಗೆ ರಾತ್ರಿಯಿಡೀ ಪಂಪು ಮುಟ್ಟದೆ ಮಲಗಿದಳು! ಬೆಳಿಗ್ಗೆ ಎದ್ದು, ಹೊಸ ಮದುಮಗಳ ಹಾಗೆ ನಾಚಿಕೊಂಡು, "ಇಂಥಾ ನಿದ್ದೆ ಮಾಡದೆ ಯಾವ ಕಾಲವಾಯ್ತೋ" ಎಂದಳು. ಆ ಚಳಿಗಾಲ ಹೊದಿಕೆಗಳ ಒಗೆತ ಮುಗಿದದ್ದೇ ಒಂದು ಶುಕ್ರವಾರವೂ ಬಿಡದೆ ಹೋದೆವು. ಊರಿಗೆ ಹೋಗುವ ಮಾತು ನಿಂತಿತು.

ಆದರೆ ಮಾರ್ಚ್ ಕಳೆದರೆ ಡೇರೆಗಳ ಕಾಲ ಮುಗಿಯಿತು. ಮುಂದಿನ ಚಳಿಗಾಲದವರೆಗೆ ಗಾಡಿಯನ್ನು ಕಾಪಾಡಬೇಕು. ಬೇಸಿಗೆಯ ಧೂಳು ಒಳಗೆ ಹೊಕ್ಕು ಹಾಸಿಗೆಯಲ್ಲಿ ಕೂತರೆ ಅಕ್ಕ ಮತ್ತೆ ಅದರಲ್ಲಿ ಮಲಗುವಂತಿಲ್ಲ. ಅಂದರೆ, ಗಾಡಿಗೊಂದು ಹೊದಿಕೆ ಬೇಕು. ಹೊದಿಕೆ! ಭಾವ ಹುಟ್ಟಿದ್ದೇ ಈ ದಿನಕ್ಕಾಗಿ ಎನ್ನುವ ಹಾಗೆ ಅವರ ಕಣ್ಣು ಮಿನುಗಿತು.

ಮೊದಲು ಅಳತೆ. ಟೇಪು ಮನೆಯಲ್ಲಿತ್ತು, ಆದರೆ ಅದರ ಕವರು ಬಿಚ್ಚಿದರೆ ಹಾಳಾಗುತ್ತದಂತೆ! ಅಕ್ಕನ ಸೀರೆಯನ್ನೇ ತಂದರು. "ಸೀರೆ ಐದೂವರೆ ಮೀಟರ್, ಇದರಲ್ಲಿ ಮೋಸ ಇಲ್ಲ" ಎಂದು, ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ನಿಂತ ಗಾಡಿಗೆ ಅಕ್ಕನ ಕೆಂಪು ಸೀರೆ ಸುತ್ತಿದರು. ಕಟ್ಟಡದ ಕಾವಲುಗಾರ, ಈಜಿಪ್ಟಿನವನು, ಇದು ಹಿಂದೂಗಳ ಯಾವುದೋ ಪೂಜೆಯೆಂದು ತಿಳಿದು ದೂರದಲ್ಲಿ ಭಕ್ತಿಯಿಂದ ಕೈಕಟ್ಟಿ ನಿಂತ. ಪೂಜೆ ಮುಗಿದ ಮೇಲೆ ಪ್ರಸಾದವನ್ನೂ ಕೇಳಿದ. ಅಕ್ಕ ಚಕ್ಕುಲಿ ಕೊಟ್ಟಳು.

ಇನ್ನು ಬಟ್ಟೆ. ಭಾವ ಹುಟ್ಟಿ ಬೆಳೆದದ್ದು ಮುಲ್ಕಿಯ ಕಡೆ. ಕರಾವಳಿಯವನಿಗೆ ಏನನ್ನಾದರೂ ಮುಚ್ಚಿಡು ಎಂದರೆ ಅವನ ಕಣ್ಣ ಮುಂದೆ ಬರುವ ಶತ್ರು ಒಬ್ಬನೇ, ಮಳೆರಾಯ! ಸೌದೆ ಮುಚ್ಚುವುದು ಮಳೆಗೆ, ಬೈಕು ಮುಚ್ಚುವುದು ಮಳೆಗೆ, ಮದುವೆ ಚಪ್ಪರ ಮುಚ್ಚುವುದೂ ಮಳೆಗೆ. ಭಾವ ಎರಡನೆಯ ಮಾತಿಲ್ಲದೆ ನೀಲಿ ಟರ್ಪಾಲು ತಂದರು. ಹನಿ ನೀರು ಒಳಗೆ ಹೋಗದ, ದಪ್ಪನೆಯ ಪ್ಲಾಸ್ಟಿಕ್ ಟರ್ಪಾಲು!

"ಪಪ್ಪಾ, ಇಟ್ ಡಸಂಟ್ ಈವನ್ ರೇನ್ ಹಿಯರ್ ಇನ್ ಸಮ್ಮರ್!" ಎಂದಳು ಮಗಳು.

"ಮಳೆ ಹೇಳಿ ಬರ್ತದಾ?" ಎಂದರು ಭಾವ.

ಗಾಡಿಯನ್ನು ಒಳಗೂ ಹೊರಗೂ ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆದರು. ಹಾಸಿಗೆಯ ಬಟ್ಟೆ ಉಜ್ಜಿದರು, ಪರದೆ ಹಿಂಡಿ ಅಲ್ಲೇ ನೇತುಹಾಕಿದರು. ಸಂಜೆಯೊಳಗೆ ಟರ್ಪಾಲು ಹೊದಿಸಿ, ದೋಣಿ ಕಟ್ಟುವ ಗಂಟು ಹಾಕಿ, ಗಾಳಿಯೂ ಆಡದ ಹಾಗೆ ಬಿಗಿದರು. ಮರುದಿನದಿಂದ ಇನ್ನೊಂದು ಗೋಳು. ಅಬ್ಬಾಸಿಯಾದಲ್ಲಿ ಮುಚ್ಚಿದ ಜಾಗ ಕಂಡರೆ ಜನ ಸುಮ್ಮನಿರುತ್ತಾರೆಯೇ? ಬಾಡಿಗೆಗೆ ಮಂಚ ಹುಡುಕುವವರು ಬಂದು ಭಾವನ ಬಾಗಿಲು ತಟ್ಟತೊಡಗಿದರು: "ಭಾಯಿ, ಉಸ್ಮೆ ಬೆಡ್ ಸ್ಪೇಸ್ ಖಾಲಿ ಹೈ ಕ್ಯಾ?" ನಮ್ಮ ರೂಮಿನ ಗೊರಕೆಯಿಂದ ಬೇಸತ್ತಿದ್ದ ನಾನೂ ಒಮ್ಮೆ ಆಸೆಯಿಂದ ಕೇಳಿದ್ದೆ. ಭಾವ ನನ್ನ ಮುಖಕ್ಕೇ ಬಾಗಿಲು ಹಾಕಿದರು.

ತಿಂಗಳು ಕಳೆದ ಮೇಲೆ, ಒಳಗೆ ಮರೆತಿದ್ದ ಬಾಣಲೆಗಾಗಿ ಟರ್ಪಾಲು ಬಿಚ್ಚಿದೆವು. ಬಾಗಿಲು ತೆರೆದದ್ದೇ ತಡ, ಆಟಿ ತಿಂಗಳ ಜಡಿಮಳೆಯಲ್ಲಿ ಊರಿನ ಹಳೆಯ ಪೆಟ್ಟಿಗೆ ತೆರೆದ ವಾಸನೆ! ಹಾಸಿಗೆಯ ತುಂಬ ಬೂಷ್ಟು. ಪರದೆಯ ಗೀರುಗಳೆಲ್ಲ ಹಸಿರು. ಹನಿ ನೀರು ಒಳಗೆ ಹೋಗದ ಟರ್ಪಾಲು ಒಳಗಿದ್ದ ನೀರನ್ನೂ ಹೊರಗೆ ಬಿಟ್ಟಿರಲಿಲ್ಲ. ಸುತ್ತಲೂ ನೂರಾರು ಮೈಲಿ ಒಣ ಮರುಭೂಮಿ. ಅದರ ನಡುವೆ ಭಾವ ಒಂದು ಮಂಗಳೂರಿನ ಮಳೆಗಾಲವನ್ನು ತಯಾರಿಸಿಬಿಟ್ಟಿದ್ದರು!

ನನಗೆ ನಗು ಬಂತು. ಆದರೆ ಅಕ್ಕ ಒಂದು ಕಾಲು ಒಳಗಿಟ್ಟವಳೇ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಕೂರಿಸಿ ಪಂಪು ಕೊಟ್ಟೆವು. ಉಸಿರು ಮರಳಿದ ಮೇಲೆ ಅವಳು ಭಾವನನ್ನು ನೋಡಿ ಮೆಲ್ಲನೆ, "ಇದನ್ನು ಯಾರಿಗಾದ್ರೂ ಕೊಟ್ಟುಬಿಡಿ. ನಮಗೆ ಟಿಕೆಟ್ ಮಾಡಿಸಿ" ಎಂದಳು. ಭಾವ ಟರ್ಪಾಲನ್ನು ಮಡಚುತ್ತಲೇ ಇದ್ದರು, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು. ಅವರನ್ನು ಹಾಗೆ ನೋಡಿ ನನಗೆ ಸಂಕಟವಾಯಿತು.

ಆ ವಾರವೆಲ್ಲ ಭಾವ ಡ್ಯೂಟಿ ಮುಗಿಸಿ ಬಂದವರು ಗಾಡಿಯೊಳಗೇ ಇದ್ದರು. ಹಾಸಿಗೆ ಎಸೆದು ಹೊಸದು ಹಾಕಿದರು. ಗೋಡೆಗೆ ವಿನಿಗರ್ ಉಜ್ಜಿದರು. ಬಾಗಿಲು ಕಿಟಕಿ ತೆರೆದಿಟ್ಟು ಒಣಗಿಸಿದರು. ಶುಕ್ರವಾರ ಬಂದು ಅಕ್ಕನ ಮುಂದೆ ನಿಂತು, "ಒಂದು ಚಳಿಗಾಲ. ಒಂದೇ ಒಂದು ಚಾನ್ಸ್ ಕೊಡು. ಈ ಸಲ ಬಟ್ಟೆ ನೀನೇ ಆರಿಸು" ಎಂದರು.

ಡೇರೆ ಬಟ್ಟೆಯ ಅಂಗಡಿಗೆ ಹೋದೆವು. ಪಾಕಿಸ್ತಾನದ ಅಂಗಡಿಯವನು ಥಾನಿನ ಮೇಲೆ ಥಾನು ಬಿಚ್ಚಿ ಹಾಕಿದ. ಎಲ್ಲದಕ್ಕೂ ಅವನದು ಒಂದೇ ಮಾತು: "ಏಕ್ ನಂಬರ್, ಭಾಯಿಜಾನ್!" ಅಕ್ಕ ಬಣ್ಣ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಬೆಳ್ಳಿಬಣ್ಣದ ಬಟ್ಟೆಯ ತುದಿಯನ್ನು ಮೂಗು ಬಾಯಿಗೆ ಒತ್ತಿಕೊಂಡು ಉಸಿರೆಳೆದಳು. "ಇದು ಆಗ್ಲಿಕ್ಕಿಲ್ಲ. ಉಸಿರು ಕಟ್ತದೆ." ಮುಂದಿನದು. "ಇದೂ ಬೇಡ." ಅದರ ಮುಂದಿನದು. ಉಸಿರಾಟದ ವಿಷಯದಲ್ಲಿ ಅವಳಿಗಿಂತ ದೊಡ್ಡ ಪರೀಕ್ಷಕರು ಬೇರೆ ಯಾರಿದ್ದಾರೆ? ಭಾವನೂ ಹಿಂದಿನಿಂದ ಪ್ರತಿಯೊಂದನ್ನೂ ಮುಖಕ್ಕೆ ಒತ್ತಿ ಉಸಿರೆಳೆದು ಬಿಟ್ಟು ಮಾಡುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಬಟ್ಟೆ ಮೂಸುವುದನ್ನು ಕಂಡು ಅಂಗಡಿಯವನು ನನ್ನ ಕಡೆ ತಿರುಗಿ, "ಇವರಿಗೆ ಏನಾಗಿದೆ?" ಎಂದು ಕಣ್ಣಲ್ಲೇ ಕೇಳಿದ.

ಕೊನೆಗೆ ಮೂರು ಬಟ್ಟೆ ಉಸಿರಿನ ಪರೀಕ್ಷೆಯಲ್ಲಿ ಪಾಸಾದವು.

"ಗಾಳಿ ಹೋಗ್ತದೆ ಸರಿ. ಧೂಳು?" ಎಂದರು ಭಾವ.

"ಅದಕ್ಕೇ ಇದು" ಎಂದು ಅಕ್ಕ ಚೀಲದಿಂದ ಅಕ್ಕಿಹಿಟ್ಟಿನ ಪೊಟ್ಟಣ ತೆಗೆದಳು. "ಹಿಟ್ಟು ಗಾಳಿಸಿ ನೋಡುವ. ನೀವು ಕೆಳಗೆ ಕೂತುಕೊಳ್ಳಿ."

ಭಾವ ಸ್ಟೂಲಿನ ಮೇಲೆ ಕೂತರು. ನಾನು ಮತ್ತು ಅಂಗಡಿಯವನು ಅವರ ತಲೆಯ ಮೇಲೆ ಬಟ್ಟೆ ಹಿಡಿದೆವು. ಅಕ್ಕ ಮೂಗಿಗೆ ಸೆರಗು ಮುಚ್ಚಿ ಬಾಗಿಲ ಹೊರಗೆ ನಿಂತು ಅಪ್ಪಣೆ ಕೊಟ್ಟಳು: "ಹಾಕು! ಅಲ್ಲಾಡಿಸು!" ಹಿಟ್ಟು ಹಾಕಿ ಅಲ್ಲಾಡಿಸಿದೆವು. ಬಟ್ಟೆ ಎತ್ತಿದರೆ ಭಾವನ ಬೋಳುತಲೆ ನೀರುದೋಸೆ! ಫೇಲು. ಒರೆಸಿ ಎರಡನೆಯದು ಹಿಡಿದೆವು. ಸಣ್ಣಗೆ ಚುಕ್ಕಿ ಚುಕ್ಕಿ. ಅದೂ ಫೇಲು. ಅಷ್ಟರಲ್ಲಿ ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿದ್ದರು. ಮೂರನೆಯದು ಒಂಟೆಬಣ್ಣದ, ಒತ್ತಾಗಿ ನೇಯ್ದ ಹತ್ತಿಬಟ್ಟೆ. ಹಾಕಿದೆವು, ಅಲ್ಲಾಡಿಸಿದೆವು, ಎತ್ತಿದೆವು. ತಲೆ ಫಳಫಳ! ಒಂದು ಕಣವಿಲ್ಲ! ನೆರೆದವರು ಚಪ್ಪಾಳೆ ತಟ್ಟಿದರು. "ಮೈನೆ ಬೋಲಾ ಥಾ ನಾ, ಏಕ್ ನಂಬರ್!" ಎಂದ ಅಂಗಡಿಯವನು.

ಅಳತೆಗೆ ಹೊಲಿಸಿ ತಂದೆವು. ಒಣಗಿದ ಗಾಡಿಗೆ ಹೊದಿಸಿ, ಕೆಳಗೆ ಗೇಣು ಜಾಗ ಬಿಟ್ಟು ಕಟ್ಟಿದೆವು. ಭಾವ ಮೆಲ್ಲನೆ, "ಮೇಲಿಂದ ಒಂದು ನೀಲಿ ಟರ್ಪಾಲು? ಎಲ್ಲಿಯಾದ್ರೂ ಮಳೆ ಬಂದ್ರೆ..." ಎಂದರು. ಅಕ್ಕ ಬರೀ ನೋಡಿದಳು. ಟರ್ಪಾಲು ವಾಪಸು ಅಟ್ಟಕ್ಕೆ ಹೋಯಿತು.

ಆಮೇಲೆ ಬೇಸಿಗೆ. ಧೂಳಿನ ಗಾಳಿ ಎದ್ದಾಗಲೆಲ್ಲ ಭಾವ ಅಡುಗೆಮನೆಯ ಕಿಟಕಿಯಲ್ಲೇ. ಒಂದು ಮಧ್ಯಾಹ್ನವಂತೂ ಎದುರಿನ ಕಟ್ಟಡವೇ ಕಾಣದಷ್ಟು ಧೂಳು. ಗಾಡಿಯ ಹೊದಿಕೆಯ ಒಂದು ಹಗ್ಗ ಸಡಿಲವಾದಂತೆ ಕಂಡಿತೆಂದು ಭಾವ ಓಡಿದರು. ಗಾಳಿ ಇಳಿಯುವವರೆಗೆ ಹಗ್ಗ ಹಿಡಿದು ನಿಂತಿದ್ದು, ಹುರಿಹಿಟ್ಟಿನಲ್ಲಿ ಹೊರಳಿದವರಂತೆ ಮರಳಿ ಬಂದರು. ಅಕ್ಕನ ಎದುರು ಬರಲಿಲ್ಲ. ಮೆಟ್ಟಿಲಲ್ಲೇ ಬಟ್ಟೆ ಕೊಡವಿ, ಕಾವಲುಗಾರನ ನಲ್ಲಿಯಲ್ಲಿ ಮಿಂದು ಮೇಲೆ ಬಂದರು.

ನವೆಂಬರ್ ಬಂತು. ಹೊದಿಕೆ ತೆಗೆದ ದಿನ ಭಾವ ಬಾಗಿಲು ತೆರೆದು, ಮೇಜಿನ ಮೇಲೆ ಬೆರಳೆಳೆದು, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದರು. ಅಕ್ಕ ಒಳಗೆ ಹೋದಳು. ನಾವು ಹೊರಗೆ ನಿಂತೆವು. ಕೆಮ್ಮು ಈಗ ಬಂತು, ಈಗ ಬಂತು ಎಂದು ಕಾದೆವು. ಸದ್ದೇ ಇಲ್ಲ.

"ಎಂತ ಮಾಡ್ತಿದ್ದಿ ಒಳಗೆ?" ಎಂದರು ಭಾವ, ಸಣ್ಣ ದನಿಯಲ್ಲಿ.

"ಮಲಗಿದ್ದೇನೆ. ಸ್ವಲ್ಪ ಸುಮ್ಮನಿರ್ತೀರಾ?"

ಭಾವ ಅಲ್ಲೇ ಮರಳಿನ ಮೇಲೆ ಕುಕ್ಕರುಬಡಿದರು.

ಆ ವಾರವೇ ಮರುಭೂಮಿಗೆ ಹೊರಟೆವು. ಅಕ್ಕ, ಮಗಳು ಗಾಡಿಯಲ್ಲಿ. ನಾನು, ಭಾವ ಡೇರೆಯಲ್ಲಿ. ಬೆಳಕು ಹರಿಯುವ ಹೊತ್ತಿಗೆ ಚಳಿಗೆ ಎಚ್ಚರವಾಗಿ ನೋಡಿದರೆ ಪಕ್ಕದಲ್ಲಿ ಭಾವ ಇಲ್ಲ. ಹೊರಗೆ ಬಂದೆ. ಗಾಡಿಯ ಗೋಡೆಗೆ ಕಿವಿ ಹಚ್ಚಿ ಕೂತಿದ್ದರು.

"ಕೇಳು" ಎಂದರು.

ನಾನೂ ಕಿವಿಯಿಟ್ಟೆ. "ಏನೂ ಕೇಳೂದಿಲ್ಲ ಭಾವ."

"ಅದೇ ಮಾರಾಯ. ಏನೂ ಕೇಳೂದಿಲ್ಲ!" ಅವರ ಕಣ್ಣು ತುಂಬಿತ್ತು.

ಅದನ್ನು ಮರೆಸಲು ನಾನು ಎಂದಿನ ಹಾಗೆ ಕಾಲೆಳೆದೆ: "ಅಂತೂ ನಿಮ್ಮ ಹೊದಿಕೆಯ ಹುಚ್ಚು ಒಮ್ಮೆಯಾದ್ರೂ ಕೆಲಸಕ್ಕೆ ಬಂತು."

"ಹುಚ್ಚು ಎಂತದು?" ಭಾವ ಆಶ್ಚರ್ಯದಿಂದ ನೋಡಿದರು. "ಧೂಳು ಟಿವಿ ಮೇಲೆ ಕೂತ್ರೆ, ನಾನು ಡ್ಯೂಟಿಗೆ ಹೋದ ಹೊತ್ತು ನೋಡಿ ಅವಳು ಒರೆಸ್ಲಿಕ್ಕೆ ಹೋಗ್ತಾಳೆ. ಹೊದಿಕೆ ಮೇಲೆ ಕೂತ್ರೆ ಶುಕ್ರವಾರ ನಾನು ಒಗೀತೇನೆ. ಅಷ್ಟೇ ಅಲ್ವಾ?"

ಇಷ್ಟು ವರ್ಷ ಆ ಪ್ಲಾಸ್ಟಿಕ್ ಸೋಫಾದಲ್ಲಿ ಕೂತು ಊಟ ಮಾಡಿದವನು ನಾನು. ಇದು ಒಮ್ಮೆಯೂ ಹೊಳೆದಿರಲಿಲ್ಲ. "ಹಾಗಾದ್ರೆ ಸಿವಿಲ್ ಐಡಿಗೆ ಯಾಕೆ ಮೂರು ಕವರು?" ಎಂದೆ.

"ಅದು... ಅಭ್ಯಾಸ ಆಗಿಹೋಯ್ತು ಮಾರಾಯ."

ಗಾಡಿಯ ಬಾಗಿಲು ತೆರೆಯಿತು. ಅಕ್ಕ ಶಾಲು ಹೊದ್ದು ಇಳಿದು ಬಂದಳು. ಮುಖ ನಿದ್ದೆಯಿಂದ ಉಬ್ಬಿತ್ತು. ಕೈಯಲ್ಲಿ ಏನೋ ಇತ್ತು. ಹೊದಿಕೆ ಹೊಲಿಸಿದಾಗ ಉಳಿದ ಒಂಟೆಬಣ್ಣದ ತುಂಡಿನಲ್ಲಿ ಅವಳೇ ಹೊಲಿದ ಟೋಪಿ.

"ಈ ಚಳಿಗೆ ಬರೀ ತಲೆಯಲ್ಲಿ ಕೂತದ್ದು ನೋಡು" ಎಂದು ಬೈಯುತ್ತ, ಅದನ್ನು ಭಾವನ ತಲೆಗಿಟ್ಟು ಕಿವಿಯವರೆಗೂ ಎಳೆದು ಮುಚ್ಚಿದಳು.